ಸೆಕೆಂಡ್ ಲ್ಯಾಂಗ್ವೇಜ್ ಅನ್ನುವ ಒಂದು ಕಾಲಂ

ಮೊನ್ನೆ ಹಾಸ್ಟೆಲ್ ದಿನಗಳ ಗೆಳತಿ ಬೆಂಗಳೂರಿಂದ ಫೋನ್ ಮಾಡಿದ್ದಳು. ಅವಳ ಮಗ ಸೆಕೆಂಡ್ ಪಿಯುಸಿ, ನನ್ನ ಮಗಳು ಪ್ಲಸ್ ಟು. ಇಬ್ಬರು ಅಮ್ಮಂದಿರು ಸಿಕ್ಕಿದ ಮೇಲೆ ಮಾತು ಬೇರೆ ಎಂತದ್ದು ಇರುತ್ತದೆ. ಅವಳ ಮಗ ಸಂಸ್ಕೃತ ತೆಗೆದುಕೊಂಡಿದ್ದಾನಂತೆ, ನೂರಕ್ಕೆ ನೂರು ಬರುತ್ತದಂತೆ. "ನಿನ್ ಮಗಳದು ಮಲಯಾಳಂ ತಾನೇ?" ಅಂದಳು. ಅಲ್ಲ, ಕನ್ನಡ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಅಯ್ಯೋ, ಕೇರಳದಲ್ಲಿ ಕನ್ನಡ ಹೇಳ್ಕೊಡ್ತಾರಾ? ಅಲ್ಲೇ ಇರೋರು ಸುಮ್ನೆ ಮಲಯಾಳಂ ತಗೊಂಡ್ರೆ ಆಯ್ತಪ್ಪ, ಯಾಕೆ ಕಷ್ಟ ಕೊಡ್ತೀಯ ಮಗೂಗೆ?"

ಅಷ್ಟರಲ್ಲಿ ಇಲ್ಲಿ ಕುಕ್ಕರ್ ಐದನೇ ಸೀಟಿ ಹೊಡೆಯಿತು. ಆಮೇಲೆ ಹೇಳ್ತೇನೆ ಅಂತ ಫೋನ್ ಇಟ್ಟೆ. ಇದು ಆ ಆಮೇಲೆ.

ಮಾರಾಯ್ತಿ, ಮೊದಲು ಒಂದು ವಿಷಯ. ನಾವು ಕಾಸರಗೋಡಿನವರು ಕೇರಳಕ್ಕೆ ಬಂದವರಲ್ಲ, ಕೇರಳವೇ ಇಲ್ಲಿಗೆ ಬಂದದ್ದು. ನನ್ನ ಅಜ್ಜಿ ಹುಟ್ಟುವಾಗ ನಮ್ಮೂರು ದಕ್ಷಿಣ ಕನ್ನಡ, ಆಳುತ್ತಿದ್ದದ್ದು ಮದ್ರಾಸಿನಿಂದ. 1956ರ ನವೆಂಬರ್ 1ಕ್ಕೆ ಅದು ಕೇರಳವಾಯಿತು, ಆಮೇಲೆ ಕಣ್ಣೂರು ಜಿಲ್ಲೆಗೆ ಸೇರಿತು. ಕಾಸರಗೋಡು ಅಂತ ಬೇರೆ ಜಿಲ್ಲೆ ಆದದ್ದು 1984ರಲ್ಲಿ. ಅಜ್ಜಿ ಇಷ್ಟೆಲ್ಲ ಆದದ್ದು ನೋಡಿದ್ದು ಒಂದೇ ಜಗಲಿಯಲ್ಲಿ ಕೂತು, ಅಡಿಕೆ ಸುಲಿಯುತ್ತಾ. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಆ ವರದಿ ಎಲ್ಲಿಟ್ಟರೋ ಅಲ್ಲೇ ಉಂಟು. ಮಂಜೇಶ್ವರ ಅಂದರೆ ಕವಿ ಗೋವಿಂದ ಪೈಗಳ ಊರು, ಬದಿಯಡ್ಕ ಅಂದರೆ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಊರು. "ಅಲ್ಲಿ ಕನ್ನಡ ಇದೆಯಾ" ಅಂತ ಕೇಳುವಾಗ ಇದನ್ನು ಸ್ವಲ್ಪ ನೆನಪಿಟ್ಟುಕೊ.

ಇನ್ನು ಕಾಂಬಿನೇಶನ್. ಇಲ್ಲಿ ಪಿಯುಸಿ ಇಲ್ಲ, ಪ್ಲಸ್ ಒನ್, ಪ್ಲಸ್ ಟು. ನನ್ನ ಕಾಲದಲ್ಲಿ ಕಾಲೇಜಿನಲ್ಲಿ ಪ್ರಿ-ಡಿಗ್ರಿ ಇತ್ತು, ಫಸ್ಟ್ ಗ್ರೂಪ್, ಸೆಕೆಂಡ್ ಗ್ರೂಪ್ ಅಂತ. ಈಗ ಎಲ್ಲ ಕೋಡ್ ನಂಬರು. ನಿಮ್ಮ ಪಿಸಿಎಂಬಿಗೆ ನಮ್ಮಲ್ಲಿ 01. ಬಯಾಲಜಿ ಬೇಡ, ಕಂಪ್ಯೂಟರ್ ಬೇಕು ಅಂದರೆ 05. ಹತ್ತನೆಯದರ ರಿಸಲ್ಟ್ ಬಂದ ಮೇಲೆ ಆನ್‌ಲೈನಲ್ಲಿ ಒಂದೇ ಅರ್ಜಿ ಹಾಕಬೇಕು. ಶಾಲೆಯ ಹೆಸರು, ಕೋಡು, ಶಾಲೆಯ ಹೆಸರು, ಕೋಡು ಅಂತ ಓಪ್ಷನ್ ಕೊಡುತ್ತಾ ಹೋಗುವುದು. ಮತ್ತೆ ಅಲಾಟ್‌ಮೆಂಟ್‌ಗೆ ಕಾಯುವುದು. ಪ್ಲಸ್ ಟುವಿಗೆ ಬಂದ ಮೇಲೆ ಹೊಸದಾಗಿ ಆರಿಸುವುದು ಏನೂ ಇಲ್ಲ, ಪ್ಲಸ್ ಒನ್‌ನಲ್ಲಿ ಕಟ್ಟಿಕೊಂಡದ್ದೇ. ಇದೆಲ್ಲ ಅಂಥ ತಲೆಬಿಸಿ ಅಲ್ಲ. ಮಗಳು 01 ಅಂದಳು, 01 ಹಾಕಿದೆವು.

ತಲೆಬಿಸಿ ಇರುವುದು ಸೆಕೆಂಡ್ ಲ್ಯಾಂಗ್ವೇಜ್ ಕಾಲಂನಲ್ಲಿ. ನಿನ್ನ ಮಗ ಎರಡು ನಿಮಿಷದಲ್ಲಿ ಮುಗಿಸಿದ ಆ ಕಾಲಂಗೆ ನಮ್ಮ ಮನೆಯಲ್ಲಿ ಎರಡು ವಾರ ಹಿಡಿಯಿತು.

ಮನೆಯ ಅಂಗಳದಿಂದ ಕಾಣುವ ಶಾಲೆಯಲ್ಲಿ 01 ಉಂಟು, ಕನ್ನಡ ಇಲ್ಲ. ಕನ್ನಡ ಇರುವ ಶಾಲೆಗೆ ಎರಡು ಬಸ್ಸು. ನಡುವೆ ಒಂದು ಕಳ್ಳದಾರಿ, ಹಿಂದಿ. ನಮ್ಮ ಎಷ್ಟೋ ಮಕ್ಕಳು ಆ ದಾರಿಯಲ್ಲೇ ಹೋಗುವುದು. ಕನ್ನಡವೂ ಬೇಡ, ಮಲಯಾಳಂ ಕಷ್ಟವೂ ಬೇಡ, ಹಿಂದಿ ಇರಲಿ. ಎರಡು ವರ್ಷದ ಒಟ್ಟು 1200 ಅಂಕದಲ್ಲಿ 200 ಆ ಒಂದು ಭಾಷೆಗೆ. ಹಾಗಾಗಿ ಯಾರನ್ನೂ ದೂರುವಂತಿಲ್ಲ.

ಮಲಯಾಳಂ ತಗೊಂಡ್ರೆ ಆಯ್ತಪ್ಪ ಅಂದೆಯಲ್ಲ. ನನ್ನ ಮಗಳಿಗೆ ಮಲಯಾಳಂ ಮಾತಾಡಲು ಚೆನ್ನಾಗಿ ಬರುತ್ತದೆ. ಮೀನಿನವನ ಹತ್ತಿರ ಚೌಕಾಸಿ ಅದರಲ್ಲೇ. ಅಜ್ಜಿಯ ಹತ್ತಿರ ತುಳು, ಪಕ್ಕದ ಮನೆಯ ಗೆಳತಿಯ ಹತ್ತಿರ ಬ್ಯಾರಿ. ನಮ್ಮ ಜಿಲ್ಲೆಯನ್ನು ಸಪ್ತಭಾಷಾ ಸಂಗಮಭೂಮಿ ಅಂತ ಸ್ಟೇಜಿನಲ್ಲಿ ಹೇಳುತ್ತಾರೆ, ಕೇಳಲು ಚಂದ. ಆದರೆ ಹತ್ತರವರೆಗೆ ಕನ್ನಡ ಮೀಡಿಯಂನಲ್ಲಿ ಕಲಿತ ಹುಡುಗಿ ಮಲಯಾಳಂನಲ್ಲಿ ಪ್ರಬಂಧ ಬರೆಯುವುದು ಬೇರೆ ವಿಷಯ. ನಿನಗೆ ತಮಿಳು ಮಾತಾಡಲು ಬರುತ್ತದೆ ಅಲ್ವಾ? ತಮಿಳಿನಲ್ಲಿ ಪರೀಕ್ಷೆ ಬರಿ ನೋಡುವ.

ಕೊನೆಗೆ ಎರಡು ಬಸ್ಸಿನ ಶಾಲೆಯೇ ಆಯಿತು. ಆರಿಸಿದ್ದು ಅವಳೇ, ನಾನಲ್ಲ. ನಾನು ಹಿಂದಿ ಸಾಕು ಅಂದಿದ್ದೆ, ಸುಳ್ಳು ಯಾಕೆ ಹೇಳಲಿ.

ಅಲ್ಲಿಗೆ ಮುಗಿಯಿತು ಅಂದುಕೊಂಡರೆ ಫಿಸಿಕ್ಸ್ ಶುರುವಾಯಿತು. ಪುಸ್ತಕ ಇಂಗ್ಲಿಷಿನಲ್ಲಿ, ವಿವರಣೆ ಮಲಯಾಳಂನಲ್ಲಿ, ಇವಳ ತಲೆಯಲ್ಲಿ ಇರುವುದು ಕನ್ನಡ. ಹೈಸ್ಕೂಲಿನಲ್ಲಿ ಇವಳು ಕಲಿತದ್ದು ಸ್ಪೀಡ್ ಅಂದರೆ ಜವ, ವೆಲಾಸಿಟಿ (ದಿಕ್ಕು ಸಹ ಸೇರಿದ ಸ್ಪೀಡ್) ಅಂದರೆ ವೇಗ. ಮಲಯಾಳಂನಲ್ಲಿ ಸ್ಪೀಡಿಗೆ ವೇಗ, ವೆಲಾಸಿಟಿಗೆ ಪ್ರವೇಗಂ. ಫಿಸಿಕ್ಸಿನ ಸಾರು ಬೋರ್ಡಿನ ಮುಂದೆ "ವೇಗ" ಅಂದಾಗಲೆಲ್ಲ ಇವಳು ನೋಟಿನಲ್ಲಿ ವೆಲಾಸಿಟಿ ಅಂತ ಬರೆದು, ದಿಕ್ಕಿಗೆ ಒಂದು ಬಾಣ ಬೇರೆ ಎಳೆದಿದ್ದಾಳೆ. ಒಂದು ಇಡೀ ಪಾಠ ಹಾಗೇ. ಮೊದಲ ಕ್ಲಾಸ್ ಟೆಸ್ಟಿನ ಪೇಪರು ಬಂದಾಗ ಬಾಣಗಳ ಮೇಲೆಲ್ಲ ಕೆಂಪು ಗೀಟು. ರಾತ್ರಿ ಊಟದ ಮೇಜಿನಲ್ಲಿ ಪೇಪರು ಹರಡಿ ಕೂತು ಹುಡುಕಿದೆವು, ತಪ್ಪಾದದ್ದು ಎಲ್ಲಿ ಅಂತ. ಲೆಕ್ಕ ಸರಿ ಉಂಟು. ಶಬ್ದ ಗಡಿ ದಾಟುವಾಗ ಅರ್ಥ ಬದಲಾಗಿತ್ತು. ಈಗ ಅವಳ ನೋಟಿನ ಕೊನೆಯ ಪುಟದಲ್ಲಿ ಮೂರು ಕಾಲಂನ ಪಟ್ಟಿ ಉಂಟು, ಕನ್ನಡ, ಮಲಯಾಳಂ, ಇಂಗ್ಲಿಷ್ ಅಂತ. ವೇಗೋತ್ಕರ್ಷ, ತ್ವರಣಂ, ಎಕ್ಸಿಲರೇಷನ್. ದ್ಯುತಿಸಂಶ್ಲೇಷಣೆ, ಪ್ರಕಾಶಸಂಶ್ಲೇಷಣಂ, ಫೋಟೋಸಿಂಥೆಸಿಸ್. ಎಲೆ ಒಂದೇ, ಬಿಸಿಲು ಒಂದೇ, ಬಾಯಿಪಾಠ ಮಾಡಬೇಕಾದ ಹೆಸರು ಮೂರು.

ಆ ಸಾರು ಒಳ್ಳೆಯವರೇ, ಕೇರಳದ ತೆಂಕು ಜಿಲ್ಲೆಯವರು. ಇವಳು ಪಟ್ಟಿ ತೋರಿಸಿದ ಮೇಲೆ ಇಂಗ್ಲಿಷ್ ಶಬ್ದವನ್ನೇ ಜಾಸ್ತಿ ಬಳಸುತ್ತಾರಂತೆ. ಅವರಿಗೂ ಊರಿಗೆ ಟ್ರಾನ್ಸ್‌ಫರ್ ಬೇಕು, ಸಿಗುವುದಿಲ್ಲ. ಕಾಸರಗೋಡಿಗೆ ಪೋಸ್ಟಿಂಗ್ ಆದ ತೆಂಕಿನವರ ಮುಖ ನೋಡಬೇಕು ನೀನು. ನಿಜವಾಗಿ ಕೋಪ ಬರುವುದು ಹೈಸ್ಕೂಲಿನ ನೆನಪಾದರೆ. ಕನ್ನಡ ಮೀಡಿಯಂ ಮಕ್ಕಳಿಗೆ ಪಾಠ ಮಾಡಲು ಕನ್ನಡವೇ ಬಾರದವರನ್ನು ಕಳಿಸಿದ್ದರು. ಅದಕ್ಕೇ ನಾವು ಅಮ್ಮಂದಿರು ಶಾಲೆಯ ಗೇಟಿನ ಮುಂದೆ ಧರಣಿ ಕೂತಿದ್ದೆವು. ಜಿಲ್ಲೆಯಲ್ಲಿ ಇದು ಒಂದು ಸಲದ, ಒಂದು ಶಾಲೆಯ ಕತೆ ಅಲ್ಲ. 2017ರಲ್ಲಿ ಹತ್ತರವರೆಗೆ ಮಲಯಾಳಂ ಕಡ್ಡಾಯ ಅಂತ ಕಾನೂನು ಬಂದಾಗಲೂ ಇಲ್ಲಿನ ಜನ ಬೀದಿಗೆ ಇಳಿದಿದ್ದರು. ಮಲಯಾಳಂ ಬೇಡ ಅಂತ ಅಲ್ಲ ಮಾರಾಯ್ತಿ. ಬಸ್ಸಿನ ಬೋರ್ಡು, ರೇಷನ್ ಅಂಗಡಿ, ಸರಕಾರಿ ಕಾಗದ ಎಲ್ಲದಕ್ಕೂ ಮಲಯಾಳಂ ಬೇಕು, ಕಲಿಯುತ್ತೇವೆ ಸಹ. ನಮ್ಮದನ್ನು ಬಿಟ್ಟು ಕಲಿ ಅಂದರೆ ಮಾತ್ರ ಆಗುವುದಿಲ್ಲ.

ಹಾಗಾದರೆ ಮಂಗಳೂರಿಗೆ ಕಳಿಸಬಹುದಿತ್ತಲ್ಲ ಅಂತ ನೀನು ಕೇಳುತ್ತಿ. ಕಳಿಸುವವರು ಬೇಕಾದಷ್ಟು ಜನ ಇದ್ದಾರೆ, ಬೆಳಗ್ಗಿನ ರೈಲಿನ ತುಂಬ ಯೂನಿಫಾರಂ. ಆದರೆ 2020ರ ಲಾಕ್‌ಡೌನ್‌ನಲ್ಲಿ ಗಡಿಯ ರಸ್ತೆಗೆ ಮಣ್ಣು ಸುರಿದದ್ದು ನನಗೆ ಮರೆತಿಲ್ಲ. ಕಾಯಿಲೆಯವರನ್ನೇ ತಲಪಾಡಿಯಲ್ಲಿ ತಡೆದರು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆ ಮಣ್ಣು ಸುರಿದದ್ದು ಮಲಯಾಳದವರಲ್ಲ, ನಮ್ಮದು ಅಂತ ನಾವು ಹೇಳುತ್ತಿದ್ದ ಕರ್ನಾಟಕ. ಅಂದು ನಮ್ಮ ಮನೆಯಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ.

ಆದರೂ ನೋಡು, ಮಗಳು ಕರ್ನಾಟಕದ ಸಿಇಟಿಯನ್ನೂ ಬರೆಯುತ್ತೇನೆ ಅನ್ನುತ್ತಿದ್ದಾಳೆ. ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕಿನವರಿಗೆ ಅಲ್ಲಿ ಗಡಿನಾಡ ಕನ್ನಡಿಗರು ಅಂತ ಒಂದು ವಿಭಾಗ ಉಂಟು. ಅದರಲ್ಲಿ ಸೀಟು ಕೇಳಬೇಕಾದರೆ ಫಿಸಿಕ್ಸ್, ಕೆಮಿಸ್ಟ್ರಿ ಬರೆದರೆ ಸಾಲದು. ಕನ್ನಡ ಬರುತ್ತದೆ ಅಂತ ತೋರಿಸಲು ಬೇರೆಯೇ ಒಂದು ಕನ್ನಡ ಪರೀಕ್ಷೆ ಬರೆಯಬೇಕು. ಎರಡು ಬಸ್ಸು ಹತ್ತಿ ಕನ್ನಡ ಕಲಿತವಳು ಪರೀಕ್ಷೆ ಕೊಟ್ಟು ಕನ್ನಡದವಳಾಗಬೇಕು.

ನಿನ್ನ ಮಗನಿಗೆ ಆ ಪರೀಕ್ಷೆ ಇಲ್ಲ. ಅವನು ಸಂಸ್ಕೃತ ಓದಲಿ, ತೊಂದರೆ ಇಲ್ಲ. ರಜೆಯಲ್ಲಿ ಒಂದು ವಾರ ಇಲ್ಲಿಗೆ ಕಳಿಸು. ಹಲಸಿನ ಹಪ್ಪಳ ಮಾಡುವ ಸಮಯ. ಮಗಳು ಜಗಲಿಯಲ್ಲಿ ಕನ್ನಡದ ಹಳೆ ಪ್ರಶ್ನೆಪತ್ರಿಕೆ ಹಿಡಿದು ಕೂತಿರುತ್ತಾಳೆ, ಇವನೂ ಪಕ್ಕದಲ್ಲಿ ಕೂತು ಬರೆಯಲಿ. ಪೇಪರು ನಾನೇ ತಿದ್ದುತ್ತೇನೆ.