ಬ್ರಿಟನ್ನಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದಲು ರೋಡ್ಸ್ ಸ್ಕಾಲರ್‌ಶಿಪ್ ಇರುವಾಗ ಆಸ್ಟ್ರೇಲಿಯಾದ ಮೂಲನಿವಾಸಿಗಳಿಗೆ ಬೇರೆ ಸ್ಕಾಲರ್‌ಶಿಪ್ ಯಾಕೆ?

ಇದ್ದ ಸ್ಕಾಲರ್‌ಶಿಪ್ ಅವರನ್ನು ಮುಟ್ಟಲೇ ಇಲ್ಲ, ಅದಕ್ಕೆ. ಆಸ್ಟ್ರೇಲಿಯಾದವರಿಗೆ ರೋಡ್ಸ್ ಸಿಗಲು ಶುರುವಾಗಿದ್ದು 1904ರಲ್ಲಿ. ಅಬಾರಿಜಿನಲ್ (ಅಲ್ಲಿನ ಮೂಲನಿವಾಸಿ) ಸಮುದಾಯದ ಮೊದಲ ರೋಡ್ಸ್ ವಿದ್ಯಾರ್ಥಿ ರೆಬೆಕಾ ರಿಚರ್ಡ್ಸ್ ಆಯ್ಕೆಯಾಗಿದ್ದು 2010ರಲ್ಲಿ. ನೂರು ವರ್ಷಕ್ಕೂ ಜಾಸ್ತಿ!

ಬುದ್ಧಿವಂತರು ಇರಲಿಲ್ಲ ಅಂತಲ್ಲ. ಅರ್ಜಿ ಹಾಕಿದವರಲ್ಲಿ ಮಾತ್ರ ಆಯ್ಕೆ ನಡೆಯುತ್ತದೆ, ಅಲ್ವಾ? ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರಿಗೆ ಯಾವ ಪ್ರೊಫೆಸರಿಗೆ ಬರೆಯಬೇಕು, ಶಿಫಾರಸು ಪತ್ರ ಯಾರಿಂದ ತರಬೇಕು ಅಂತ ಹೇಳಿಕೊಡುವವರು ಇರುವುದಿಲ್ಲ. ಹಾಗಾಗಿ ಬರೀ ದುಡ್ಡು ಕೊಟ್ಟರೆ ಸಾಲದು. ಅರೋರಾ ಫೌಂಡೇಶನ್ ಅನ್ನುವ ಆಸ್ಟ್ರೇಲಿಯಾದ ಸಂಸ್ಥೆ ಮೂಲನಿವಾಸಿ ವಿದ್ಯಾರ್ಥಿಗಳನ್ನು ಮೊದಲೇ ಬ್ರಿಟನ್, ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಕರೆದುಕೊಂಡು ಹೋಗಿ ಅಲ್ಲಿನ ಪ್ರಾಧ್ಯಾಪಕರನ್ನು ಮಾತಾಡಿಸುತ್ತದೆ. ನನ್ನ ಪ್ರಕಾರ ಫೀಸಿಗಿಂತ ದೊಡ್ಡ ಸಹಾಯ ಇದೇ.

ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಲ್ಲಿ ಸ್ನಾತಕೋತ್ತರ ಓದಿಗೆ ನೆರವು ಕೊಡುವ ಸ್ಕಾಲರ್‌ಶಿಪ್‌ಗೆ ಅಬಾರಿಜಿನಲ್ ಹೋರಾಟಗಾರ ಚಾರ್ಲಿ ಪರ್ಕಿನ್ಸ್ ಹೆಸರಿದೆ. 1965ರಲ್ಲಿ, ವಿದ್ಯಾರ್ಥಿಯಾಗಿದ್ದಾಗಲೇ, ಆಸ್ಟ್ರೇಲಿಯಾದ ಮೋರಿ ಅನ್ನುವ ಊರಿನ ಈಜುಕೊಳಕ್ಕೆ ಅಬಾರಿಜಿನಲ್ ಮಕ್ಕಳನ್ನು ಬಿಡುವುದಿಲ್ಲ ಅಂದಿದ್ದಕ್ಕೆ ಮಕ್ಕಳನ್ನು ಕರೆದುಕೊಂಡೇ ಹೋಗಿ ನಿಂತವರು ಇವರು. ಈ ಸ್ಕಾಲರ್‌ಶಿಪ್ ಪಡೆದ ಕಲಾವಿದ ಕ್ರಿಶ್ಚಿಯನ್ ಥಾಂಪ್ಸನ್ ಮತ್ತು ಪಾಲ್ ಗ್ರೇ 2010ರಲ್ಲಿ ಆಕ್ಸ್‌ಫರ್ಡ್ ಸೇರಿದರು. ಅಲ್ಲಿಗೆ ಹೋದ ಮೊದಲ ಅಬಾರಿಜಿನಲ್ ವಿದ್ಯಾರ್ಥಿಗಳು ಅವರೇ.

ಅಂದಹಾಗೆ, ನಮ್ಮಲ್ಲೂ ಪರಿಶಿಷ್ಟ ಪಂಗಡದವರಿಗೆ ವಿದೇಶದಲ್ಲಿ ಓದಲು ಕೇಂದ್ರ ಸರ್ಕಾರದ ಇಂಥದ್ದೇ ಸ್ಕಾಲರ್‌ಶಿಪ್ ಇದೆ. ವರ್ಷಕ್ಕೆ 20 ಸೀಟು. ಅದರಲ್ಲಿ 3 ಸೀಟು ತೀರಾ ಹಿಂದುಳಿದ ಬುಡಕಟ್ಟುಗಳಿಗೆ. ನಮ್ಮ ಜೇನುಕುರುಬರು, ಕೊರಗರು ಆ ಪಟ್ಟಿಯಲ್ಲಿದ್ದಾರೆ.