ಅಗ್ಗದ ಹಡಗು ಯಾವ ತಿಂಗಳು?

ಪ್ರಶ್ನೆ: ಅಡಿಕೆ ಕೊಯ್ಲು ಮುಗಿಸಿ ಮುಂಬೈನಿಂದ ಗೋವಾಕ್ಕೆ ಕ್ರೂಸ್ ಹಡಗಲ್ಲಿ ಹೋಗುವ ಆಸೆ. ನಾವಿಬ್ಬರು, ಇಬ್ಬರು ಮಕ್ಕಳು. ಕಡಿಮೆ ದರಕ್ಕೆ ಟಿಕೆಟ್ ಸಿಗುವುದು ಹೇಗೆ?
– ಓದುಗರೊಬ್ಬರು, ಶಿರಸಿ

ಉತ್ತರ: ಕೊಯ್ಲು ಮುಗಿದ ಮೇಲೆ ಅಂದರೆ ಫೆಬ್ರವರಿ-ಮಾರ್ಚ್. ಒಳ್ಳೆಯದೇ ಆಯಿತು ತಂಗೀ, ದೀಪಾವಳಿ, ಕ್ರಿಸ್‌ಮಸ್ ರಜೆಯ ದರ ಮುಟ್ಟುವ ಹಾಗಿರುವುದಿಲ್ಲ. ಮಕ್ಕಳ ಪರೀಕ್ಷೆ ಮಾತ್ರ ನೋಡಿಕೊಳ್ಳಿ. ವಾರದ ನಡುವೆ ಹೊರಡುವ ಹಡಗು ಹುಡುಕಿ.

ಜಾಹೀರಾತಿನ ದೊಡ್ಡಕ್ಷರದ ದರಕ್ಕೆ ಮರುಳಾಗಬೇಡಿ. ಅದು ಸಾಮಾನ್ಯವಾಗಿ ಇಬ್ಬರಿರುವ ಕೋಣೆಯಲ್ಲಿ ತಲೆಗೆ ಇಷ್ಟು ಎಂಬ ಲೆಕ್ಕ. ಬಂದರು ಶುಲ್ಕ, ಜಿಎಸ್‌ಟಿ, ಸಿಬ್ಬಂದಿಯ ಟಿಪ್ಸ್ ಹಲವು ಸಲ ಆಮೇಲೆ ಸೇರುತ್ತವೆ. 'ಎಲ್ಲ ಸೇರಿ ನಾಲ್ವರಿಗೆ ಎಷ್ಟು?' ಅಂತಲೇ ಕೇಳಿ. ಒಂದೇ ಕೋಣೆ ಹಿಡಿದರೆ ಮೂರನೆಯ, ನಾಲ್ಕನೆಯವರಿಗೆ ಕಡಿಮೆ ಬೀಳುವುದುಂಟು. ಕಿಟಕಿಯಿಲ್ಲದ ಒಳಕೋಣೆಯೇ ಅಗ್ಗ. ನಾನಂತೂ ಅದನ್ನೇ ಹಿಡಿಯುವವಳು, ಸಮುದ್ರ ನೋಡಲಿಕ್ಕೆ ಡೆಕ್ ಇದೆಯಲ್ಲ!

ಕಡೇಗಳಿಗೆಯ ರಿಯಾಯಿತಿ ಮುಂಬೈಯವರಿಗೆ ಸರಿ. ನೀವು ಘಟ್ಟ ಇಳಿದು ಕುಮಟಾದಲ್ಲಿ ರೈಲು ಹತ್ತಬೇಕು, ಆಗ ಸೀಟು ಸಿಗಬೇಕಲ್ಲ? ಗೋವಾದಲ್ಲೇ ಇಳಿಯುವ ಒಂದೇ ಕಡೆಯ ಟಿಕೆಟ್ ಇದ್ದರೆ ಅದನ್ನೇ ತೆಗೆದುಕೊಳ್ಳಿ. ಮಡಗಾಂವ್‌ನಿಂದ ಕುಮಟಾಕ್ಕೆ ರೈಲಿದೆ.