ಅಮ್ಮ ತೀರಿಕೊಂಡ ಮೇಲೂ ಅಕ್ಕನೊಂದಿಗೆ ಮಾತಿಲ್ಲ

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನ ಗೃಹಿಣಿ. ಅಮ್ಮ ಕಡೆಯ ಐದು ವರ್ಷ ನನ್ನ ಮನೆಯಲ್ಲಿದ್ದರು. ಅವರನ್ನು ಯಾರು ನೋಡಿಕೊಳ್ಳಬೇಕೆಂಬ ಜಗಳದಲ್ಲಿ ಚಿಕ್ಕಮಗಳೂರಿನಲ್ಲಿರುವ ಅಕ್ಕನೊಂದಿಗೆ ಮಾತು ನಿಂತುಹೋಯಿತು. ನಾಲ್ಕು ತಿಂಗಳ ಹಿಂದೆ ಅಮ್ಮ ತೀರಿಕೊಂಡರು. ಅಕ್ಕ ಬಂದಳು, ತಿಥಿಯ ಊಟ ಮುಗಿಯುತ್ತಲೇ ಹೊರಟಳು. ಈಗ ಸೋದರಮಾವನ ಮೂಲಕ ಅಮ್ಮನ ಬೆಂಡೋಲೆ ಕೇಳಿ ಕಳಿಸಿದ್ದಾಳೆ. ಅಮ್ಮನ ಟ್ರಂಕಿನ ಬೀಗ ತೆಗೆಯಲೂ ನನ್ನಿಂದಾಗುತ್ತಿಲ್ಲ. ಪಕ್ಷಕ್ಕೆ ಅವಳನ್ನು ಕರೆಯಬೇಕೆ?

ಉತ್ತರ: ಕರೆಯಿರಿ. ಆದರೆ ತಪ್ಪು ಯಾರದೆಂದು ತೀರ್ಮಾನಿಸಲು ಕರೆಯಬೇಡಿ.

ವರ್ಷಗಟ್ಟಲೆ ಹಗಲಿರುಳು ಸೇವೆ ಮಾಡಿದವರ ದುಃಖದಲ್ಲಿ ದಣಿವೂ, ತನ್ನ ಕಷ್ಟವನ್ನು ಯಾರೂ ಕಾಣಲಿಲ್ಲವೆಂಬ ನೋವೂ, ಕೆಲವೊಮ್ಮೆ ಯಾರಿಗೂ ಹೇಳಿಕೊಳ್ಳಲಾಗದ ಒಂದು ನಿರಾಳವೂ ಬೆರೆತಿರುತ್ತವೆ; ಆ ನಿರಾಳಕ್ಕಾಗಿ ತಮ್ಮನ್ನು ತಾವೇ ಹಳಿದುಕೊಳ್ಳುವವರು ಬಹಳ ಮಂದಿ, ಅದು ಖಂಡಿತ ಪಾಪವಲ್ಲ. ದೂರವಿದ್ದ ಮಗಳ ಸಂಕಟದ ಬಗೆಯೇ ಬೇರೆ. ಅಮ್ಮನ ಕಡೆಯ ದಿನಗಳು ಆಕೆಯ ಪಾಲಿಗೆ ಇಲ್ಲವೇ ಇಲ್ಲ, ಕೇಳಿ ತಿಳಿಯೋಣವೆಂದರೆ ಅದನ್ನು ಬಲ್ಲ ತಂಗಿಯೊಂದಿಗೆ ಮಾತಿಲ್ಲ. ಆಕೆ ಊಟ ಮುಗಿಯುತ್ತಲೇ ಎದ್ದುಹೋದದ್ದು ನಿಮಗೆ ಕಲ್ಲುಮನಸ್ಸಾಗಿ ಕಂಡಿರಬಹುದು. ಮುಖ ತೋರಿಸಲಾಗದೆ ನೊಂದವರೂ ಹಾಗೆಯೇ ಎದ್ದುಹೋಗುತ್ತಾರೆ.

ಬೆಂಡೋಲೆಯ ವಿಷಯದಲ್ಲಿ ಅವಸರ ಬೇಡ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮಿನಂತೆ, ಉಯಿಲು ಬರೆಯದೆ ತೀರಿಕೊಂಡ ತಾಯಿಯ ಆಸ್ತಿಯಲ್ಲಿ ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ಪತಿ ಸಮಾನ ಹಕ್ಕುದಾರರು. ಕೊನೆಗಾಲದಲ್ಲಿ ಯಾರು ನೋಡಿಕೊಂಡರು ಎಂಬುದನ್ನು ಆ ಕಲಮು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗೆ ಲೆಕ್ಕಕ್ಕೆ ಬಾರದ ಸೇವೆಯ ಬೆಲೆಯನ್ನು ಒಂದು ಜೊತೆ ಓಲೆಯಲ್ಲಿ ವಸೂಲು ಮಾಡಲು ಮನಸ್ಸು ಹವಣಿಸುತ್ತದೆ. ಅಕ್ಕನಿಗೂ ಅದು ಚಿನ್ನಕ್ಕಿಂತ ಹೆಚ್ಚಾಗಿ ಅಮ್ಮನ ಕಿವಿಯಲ್ಲಿ ಸದಾ ಕಂಡ ವಸ್ತುವಾಗಿರಬಹುದು. ಸೋದರಮಾವನ ಮೂಲಕ ಉತ್ತರ ಕಳಿಸಬೇಡಿ, ಮೂರನೆಯವರ ಬಾಯಲ್ಲಿ ಮಾತಿನ ಧ್ವನಿಯೇ ಬದಲಾಗುತ್ತದೆ. ಹಕ್ಕು ಬಿಡುಗಡೆ ಪತ್ರದಂತಹ ಯಾವ ಕಾಗದಕ್ಕೂ ಇಬ್ಬರೂ ಈಗ ಸಹಿ ಹಾಕದಿರುವುದು ಲೇಸು. ಟ್ರಂಕಿಗೂ ಗಡುವಿಲ್ಲ, ಅದನ್ನು ಇಬ್ಬರೂ ಕೂಡಿ ತೆರೆಯುವ ದಿನ ಬಂದರೆ ಒಳ್ಳೆಯದು, ಅಲ್ಲಿಯವರೆಗೆ ಬೀಗ ಹಾಗೆಯೇ ಇರಲಿ.

ಫೋನಿಗಿಂತ ಕೈಬರಹದ ನಾಲ್ಕು ಸಾಲು ಮೇಲು, ಏಕೆಂದರೆ ಓದಿದವರಿಗೆ ಕೂಡಲೇ ಉತ್ತರಿಸಬೇಕಾದ ಒತ್ತಡವಿರುವುದಿಲ್ಲ. ಹೀಗೆ ಬರೆಯಬಹುದು: "ಅಕ್ಕ, ಪಕ್ಷದ ದಿನ ಎಡೆಗೆ ಅಮ್ಮನಿಗೆ ಇಷ್ಟವಾದ ಕಡುಬು ಮಾಡಬೇಕೆಂದಿದ್ದೇನೆ. ಅವರ ಹದ ನನಗೆ ಬರುವುದಿಲ್ಲ, ನಿನಗೆ ಗೊತ್ತು. ಬಾ. ಬರಲಾಗದಿದ್ದರೆ ನನಗೆ ಬೇಸರವಿಲ್ಲ." ಇದರಲ್ಲಿ "ಆದರೂ ನೀನು ಅಂದು" ಎಂಬ ಒಂದೇ ಒಂದು ಮಾತು ಸೇರಿದರೂ ಆಕೆ ಓದುವುದು ಅದನ್ನು ಮಾತ್ರ.

ಆಕೆ ಬಾರದೆ ಹೋಗಬಹುದು. ಆಗ ನೀವು ಎರಡು ಅಗಲಿಕೆಗಳಿಗೆ ಒಟ್ಟಿಗೆ ಅಳುತ್ತಿರುತ್ತೀರಿ, ಅದು ನಿಜಕ್ಕೂ ಭಾರ. ನಾಲ್ಕು ತಿಂಗಳಿಗೆ ಈ ಮಟ್ಟದ ದುಃಖ ಅಸಹಜವಲ್ಲ. ಆರು ತಿಂಗಳು ದಾಟಿದರೂ ತೀವ್ರತೆ ಕಡಿಮೆಯಾಗದೆ ನಿತ್ಯದ ಕೆಲಸಗಳೇ ಸಾಗದಂತಾದರೆ, ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣ ಅದನ್ನು ಚಿಕಿತ್ಸೆ ಬೇಕಾದ ದೀರ್ಘಕಾಲದ ಶೋಕವೆಂದು ಪರಿಗಣಿಸುತ್ತದೆ. ಬದುಕೇ ಬೇಡವೆನಿಸಿದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.